ಕ್ಲಿಫ್ ಹಡಗು ಹತ್ತಿಸಿದ ಕಾರು

ಫರ್ಗಸ್ ಫಾಲ್ಸ್, ಮಿನೆಸೋಟ
ನವೆಂಬರ್ ೧೨, ೨೦೧೧

ಪ್ರೀತಿಯ ಆರ್ಡಿಸ್,

ನೀನು ಸೆಪ್ಟೆಂಬರಿನಲ್ಲಿ ಬರೆದ ಪತ್ರಕ್ಕೆ ನವೆಂಬರಿನಲ್ಲಿ ಉತ್ತರ ಬರೆಯುತ್ತಿದ್ದೇನೆ. ಎಷ್ಟು ಬೈಯಬೇಕೋ ಬೈದುಬಿಡು, ಬೈಸಿಕೊಳ್ಳಬೇಕಾದವಳೇ ನಾನು. ಹೊಸ ಕಾರು ಬರಲಿ, ಅದರ ಮುಂದೆ ಗಂಡ ಹೆಂಡತಿ ಇಬ್ಬರೂ ನಿಂತು ಫೋಟೋ ತೆಗೆಸಿಕೊಂಡು ಪತ್ರದ ಜೊತೆಗೇ ಕಳಿಸೋಣ ಅಂತ ಕಾದೆ. ಈಗ ಫೋಟೋ ಇಲ್ಲ, ಯಾಕೆಂದರೆ ಕಾರೇ ಇಲ್ಲ. ಅದನ್ನು ಹೇಳುತ್ತೇನೆ. ಮೊದಲು ನಿನ್ನ ಸೊಂಟ ಹೇಗಿದೆ ಹೇಳು. ಕೋಲು ಬಿಟ್ಟು ನಡೆಯುತ್ತಿದ್ದೀಯಾ? ಟೂಸಾನಿನಲ್ಲಿ ಈಗಲೂ ತೋಳಿಲ್ಲದ ಅಂಗಿ ಹಾಕಿಕೊಂಡು ಓಡಾಡುತ್ತೀಯಂತೆ, ನಿನ್ನ ಮಗಳು ಹೇಳಿದಳು. ಇಲ್ಲಿ ಹೋದ ವಾರವೇ ಹಿಮ ಬಿತ್ತು, ಹೊಟ್ಟೆ ಉರಿಯುತ್ತೆ ಕಣೇ.

ಕಾರಿನ ಕಥೆ ಮೊದಲಿಂದ ಹೇಳದಿದ್ದರೆ ನಿನಗೆ ತಲೆಬುಡ ತಿಳಿಯುವುದಿಲ್ಲ. ನಮ್ಮ ಕ್ಲಿಫ್ ಮೂವತ್ತೆರಡು ವರ್ಷ ಹೈಸ್ಕೂಲಿನ ಮಕ್ಕಳಿಗೆ ಕಾರು ಓಡಿಸುವುದನ್ನು ಕಲಿಸಿದವನು. ನಿನ್ನ ಯಜಮಾನರು ತೀರಿಕೊಂಡ ವರ್ಷ, ನಿನ್ನ ನಲವತ್ತೊಂದನೇ ವಯಸ್ಸಿನಲ್ಲಿ, ನಿನಗೂ ಅವನೇ ಕಲಿಸಿದ. ಊರಿನ ಅರ್ಧ ಜನ ರಿವರ್ಸ್ ತೆಗೆಯುವಾಗ ಇವತ್ತಿಗೂ ಅವನ ದನಿ ಕೇಳಿಸುತ್ತೆ ಅನ್ನುತ್ತಾರೆ. ಅಂಥವನು ಜೀವಮಾನವೆಲ್ಲ ಇನ್ನೊಬ್ಬರು ಓಡಿಸಿ ಬಿಟ್ಟ ಹಳೇ ಕಾರಿನಲ್ಲೇ ಓಡಾಡಿದ. ಈ ವರ್ಷ ಎಪ್ಪತ್ತೆರಡು ತುಂಬಿತು ನೋಡು, ನನ್ನನ್ನು ಒಂದು ಮಾತೂ ಕೇಳದೆ ಕಾರಿನ ಅಂಗಡಿಯ ರೋಂಡಾ ಹತ್ತಿರ ಹೋಗಿ ಸಹಿ ಹಾಕಿ ಬಂದ. ರೋಂಡಾ ಅವನ ಹಳೇ ಶಿಷ್ಯೆ, ಇವತ್ತಿಗೂ ಮೇಷ್ಟ್ರೇ ಅಂತಲೇ ಕರೆಯುತ್ತಾಳೆ.

ಆ ಕಾರನ್ನು ಅಂಗಡಿಯಿಂದ ತರುವುದಲ್ಲವಂತೆ. ಸ್ವೀಡನ್ನಿನ ಗೊಥೆನ್‌ಬರ್ಗಿಗೆ ಹೋಗಿ ಕಾರ್ಖಾನೆಯ ಬಾಗಿಲಲ್ಲೇ ಕೀ ತೆಗೆದುಕೊಳ್ಳುವುದು. ಅವನ ಅಜ್ಜನ ಊರಿನ ಕಡೆ ಮೂರು ವಾರ ಮನಸ್ಸು ತುಂಬ ಓಡಿಸುವುದು. ಆಮೇಲೆ ಬಂದರಿನ ಕಚೇರಿಯಲ್ಲಿ ಕಾರನ್ನು ಒಪ್ಪಿಸಿ ವಿಮಾನ ಹತ್ತಿ ಮನೆಗೆ ಬರುವುದು. ಕಾರು ಹಿಂದಿನಿಂದ ಹಡಗಿನಲ್ಲಿ ಬರುತ್ತೆ, ಎಂಟು ವಾರ ಹಿಡಿಯುತ್ತೆ. ಕಾರು ಕೊಂಡವರಿಗೆ ವಿಮಾನದ ಎರಡು ಟಿಕೆಟ್ ಪುಕ್ಕಟೆ. ಎರಡನೆಯದು ನನ್ನದು. ನಾನು ಹೋಗಲಿಲ್ಲ.

"ಬಾರೇ ಮಾರ್ಲಿಸ್, ನಿನ್ನ ಹೆಸರಿಗೇ ಬರೆಸಿದೀನಿ," ಅಂತ ಏಪ್ರಿಲಿನಿಂದ ಗೋಗರೆದ.

"ಒಂದು ಕಾರು ತರೋಕೆ ಇಬ್ಬರು ಯಾಕೆ? ಹಿಂದಿನಿಂದ ನೂಕೋಕಾ?" ಅಂದೆ.

ಕೇಳದೆ ಕಾರು ಕೊಂಡನಲ್ಲ ಅನ್ನೋ ಸಿಟ್ಟು ಒಂದು ಕಡೆ. ನಿಜ ಹೇಳಬೇಕೆಂದರೆ ಇನ್ನೊಂದೂ ಇತ್ತು. ದಿನಕ್ಕೆ ಹತ್ತು ಸಲ "ನನ್ನ ಕನ್ನಡಕ ಎಲ್ಲಿ", "ಇವತ್ತು ಯಾವ ವಾರ", "ಆ ಬೀಗ ನಾನು ಹಾಕಿದ್ನಾ" ಅಂತ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಮೂರು ವಾರ ಮನೆಯಲ್ಲಿ ಸದ್ದಿಲ್ಲದೆ ಇದ್ದರೆ ಸಾಕಪ್ಪ ಅನ್ನಿಸಿತ್ತು. ಇದ್ದೆ ಕೂಡ. ಕಾಲು ಚಾಚಿಕೊಂಡು, ಸಂಜೆಗೆ ಬರೀ ಬ್ರೆಡ್ಡು ಬೆಣ್ಣೆ ತಿಂದುಕೊಂಡು, ರಾಣಿ ಹಾಗೆ ಇದ್ದೆ.

ಸೆಪ್ಟೆಂಬರ್ ಹದಿನೇಳಕ್ಕೆ ವಾಪಸು ಬಂದ. ಮುಖ ಅರಳಿತ್ತು. ಎಲ್ಕ್ ಅನ್ನೋ ದೊಡ್ಡ ಕಡವೆ ರಸ್ತೆಗೆ ಅಡ್ಡ ಬಂದದ್ದನ್ನು ಒಂದೇ ಊಟದಲ್ಲಿ ಮೂರು ಸಲ ಹೇಳಿದ, ಮೂರು ಸಲವೂ ಅದು ಇನ್ನಷ್ಟು ದೊಡ್ಡದಾಯಿತು. ಕಾರು ಎಲ್ಲಿ ಬಿಟ್ಟೆ ಅಂದರೆ ಎದೆ ಉಬ್ಬಿಸಿ ಹೇಳಿದ, "ಎಲ್ಲಿ ಬಿಡೋದು? ನಾನೇ ಓಡಿಸ್ಕೊಂಡು ಹೋಗಿ ಹಡಗಿನ ಹೊಟ್ಟೆಯೊಳಗೆ ನಿಲ್ಲಿಸಿ ಬಂದೆ. ಹಳದಿ ಕೋಟಿನ ಹೆಂಗಸೊಬ್ಬಳು ಕೈ ಬೀಸಿ ಮುಂದೆ, ಮುಂದೆ ಅಂದಳು. ಎರಡು ಲಾರಿ ನಡುವೆ ಒಂದೇ ಸಲಕ್ಕೆ ಹಾಕ್ದೆ. ಅವಳು ಬೆರಳೆತ್ತಿ ಶಭಾಷ್ ಅಂದಳು ಕಣೇ!"

ಹಾಗೇ ಎಂಟು ವಾರ ಕಳೆಯುತ್ತಾ ಬಂತು. ಹೋದ ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ವರ್ಷದ ಲೂಟ್‌ಫಿಸ್ಕ್ ಊಟ ಇತ್ತು. ತಟ್ಟೆಯಲ್ಲಿ ನಡುಗುವ ಆ ಮೀನನ್ನು ನೀನು ಮೂಗು ಮುಚ್ಚಿಕೊಂಡು ತಿನ್ನುತ್ತಿದ್ದೆಯಲ್ಲ, ಅದೇ. ಕ್ಷೌರದ ಅಂಗಡಿಯ ವೆಂಡೆಲ್ ಮೇಜಿನ ಆ ತುದಿಯಿಂದ ಕೂಗಿದ, "ಏನ್ ಕ್ಲಿಫ್, ನಿನ್ನ ಕಾರು ಈಜ್ಕೊಂಡು ಬರ್ತಿದೆಯಾ ಹೇಗೆ?" ಎಲ್ಲರೂ ನಕ್ಕರು, ಕ್ಲಿಫ್ ಎಲ್ಲರಿಗಿಂತ ಜೋರಾಗಿ ನಕ್ಕ.

ಗುರುವಾರ ರೋಂಡಾ ಫೋನ್ ಮಾಡಿದಳು. "ಮಾರ್ಲಿಸ್ ಆಂಟೀ, ಒಂದು ವಿಷಯ. ಬಂದರಿನವರು ನಿಮ್ಮ ಕಾರು ತಮಗೆ ಬಂದೇ ಇಲ್ಲ ಅಂತಿದಾರೆ. ಹಡಗಿನ ಪಟ್ಟಿಯಲ್ಲೂ ಇಲ್ಲ. ಮೇಷ್ಟ್ರ ಹತ್ತಿರ ಒಪ್ಪಿಸಿದ ಕಾಗದ ಇದೆಯಾ ನೋಡ್ತೀರಾ?"

ಕ್ಲಿಫ್, "ಕಾಗದ ಇದೆ, ಕೋಟಿನಲ್ಲಿ," ಅಂದ. ಹುಡುಕಿದೆ. ಸದ್ಯ, ಇತ್ತು! ಸಣ್ಣ ಚೀಟಿ, ಎಲ್ಲ ಸ್ವೀಡಿಷಿನಲ್ಲಿ. ನಾವು ಸ್ವೀಡಿಷ್ ಜನ ಅಂತ ಬಾಗಿಲಿಗೆ ನೀಲಿ ಹಳದಿ ಬಾವುಟ ಕಟ್ಟುತ್ತೇವೆ, ಆದರೆ ಊಟಕ್ಕೆ ಮುಂಚಿನ ಪ್ರಾರ್ಥನೆ ಬಿಟ್ಟರೆ ಒಂದಕ್ಷರ ಬಾರದು. ಒಂದು ಕಾರಿನ ಚಿತ್ರ, ಪಕ್ಕದಲ್ಲಿ ಹಡಗಿನ ಚಿತ್ರ, ತಾರೀಖು. ಇನ್ನೇನು ಬೇಕು? ಗೆದ್ದವಳ ಹಾಗೆ ರೋಂಡಾಗೆ ಹೇಳಿದೆ. ಆಮೇಲೆ ಅದೇ ಜೇಬಿನಲ್ಲಿ ಕೈಗೆ ಸಿಕ್ಕಿದ್ದನ್ನೂ ಹೇಳಿದೆ, ಹೊಸ ಕಾರಿನ ಎರಡು ಕೀ.

"ಎರಡೂ ಕೀ ಇದೆಯಾ?" ಅಂದಳು ರೋಂಡಾ. "ಆಂಟೀ, ಒಂದು ಕೀ ಅಲ್ಲಿ ಕೊಟ್ಟು ಬರಬೇಕು. ಕೀ ಇಲ್ದೆ ಅವರು ಕಾರನ್ನ ಹಡಗಿಗೆ ಹೇಗೆ ಹತ್ತಿಸ್ತಾರೆ? ಮಾಲೀಕರು ಯಾರೂ ಹಡಗಿನೊಳಗೆ ಹೋಗೋ ಹಾಗೇ ಇಲ್ಲ."

ಕ್ಲಿಫ್ ನನ್ನ ಕೈಯಿಂದ ಫೋನ್ ಕಿತ್ತುಕೊಂಡ. "ರೋಂಡಾ, ಮೂರು ಸಲ ಪರೀಕ್ಷೇಲಿ ಫೇಲಾದೋಳು ನೀನು, ನನಗೆ ಹೇಳಿಕೊಡ್ತೀಯಾ? ಬೀಗ ಹಾಕದೆ ಕಾರು ಬಿಟ್ಟು ಬರ್ತಾರಾ ಯಾರಾದ್ರೂ?"

ನಾನು ಅವನ ಪಕ್ಷವೇ ಆರ್ಡಿಸ್. ನಲವತ್ತೊಂಬತ್ತು ವರ್ಷದಲ್ಲಿ ಈ ಮನುಷ್ಯ ಒಂದು ಸುಳ್ಳು ಹೇಳಿದ್ದನ್ನು ನಾನು ಕಾಣೆ. ಹಡಗಿಗೆ ಬಿಟ್ಟೆ ಅಂದರೆ ಬಿಟ್ಟಿದ್ದಾನೆ. ಆ ಬಂದರಿನಲ್ಲಿ ಯಾರೋ ಕೈಚಳಕ ತೋರಿಸಿದ್ದಾರೆ. ಚೀಟಿಯ ನಕಲು ರೋಂಡಾಗೆ ಕಳಿಸಿದ್ದೇನೆ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮುನ್ನೂರು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದವಳು ನಾನು, ಈ ಬಂದರಿನವರು ಯಾವ ಲೆಕ್ಕ?

ನೀನು ಚೆನ್ನಾಗಿರು. ಬೇಗ ನಡೆಯುವಂತಾಗು. ನಿನ್ನ ಮೊಮ್ಮಗುವಿಗೆ ನನ್ನದೊಂದು ಮುತ್ತು.

ನಿನ್ನ
ಮಾರ್ಲಿಸ್

ತಾ.ಕ.: ಈಗಷ್ಟೇ ಕಾಫಿ ಕುಡಿಯುವಾಗ ಕ್ಲಿಫ್ ಹೇಳಿದ, ಹಡಗಿನಲ್ಲಿ ಕಾರು ನಿಲ್ಲಿಸಿ ಮೆಟ್ಟಿಲು ಹತ್ತಿದರೆ ಮೇಲೆ ಐಸ್‌ಕ್ರೀಮ್ ಅಂಗಡಿ ಇತ್ತಂತೆ, ಚೀಲ ಹಿಡಿದ ಸಂಸಾರಗಳು ಸಾಲಾಗಿ ನಿಂತಿದ್ದವಂತೆ. ಸರಕು ಹಡಗಿನಲ್ಲಿ ಐಸ್‌ಕ್ರೀಮ್ ಅಂಗಡಿ ಯಾಕಿರುತ್ತೆ ಆರ್ಡಿಸ್?


ಫರ್ಗಸ್ ಫಾಲ್ಸ್
ಡಿಸೆಂಬರ್ ೬, ೨೦೧೧

ನನ್ನ ಆರ್ಡಿಸ್,

ನೀನು ಎರಡು ಸಲ ಫೋನ್ ಮಾಡಿದೆ, ಎರಡು ಸಲವೂ ನಾನು ಎತ್ತಲಿಲ್ಲ. ಕೋಪ ಮಾಡಿಕೊಳ್ಳಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಅತ್ತುಬಿಡುತ್ತಿದ್ದೆ, ಕ್ಲಿಫ್ ಪಕ್ಕದ ಕೋಣೆಯಲ್ಲೇ ಇರುತ್ತಾನೆ. ಪತ್ರದಲ್ಲಾದರೆ ಅತ್ತರೂ ಯಾರಿಗೂ ಕೇಳಿಸುವುದಿಲ್ಲ.

ಕಾರು ಸಿಕ್ಕಿತು. ಡೆನ್ಮಾರ್ಕಿನಲ್ಲಿ.

ಆ ಚೀಟಿಯನ್ನು ರೋಂಡಾ ಸ್ವೀಡಿಷ್ ಬಲ್ಲವರೊಬ್ಬರಿಗೆ ತೋರಿಸಿದಳಂತೆ. ಅದು ಒಪ್ಪಿಸಿದ ಕಾಗದವಲ್ಲ, ಟಿಕೆಟ್ಟು. ಗೊಥೆನ್‌ಬರ್ಗಿನಿಂದ ಸಮುದ್ರದ ಆಚೆ ದಡದ ಫ್ರೆಡ್ರಿಕ್ಸ್‌ಹಾವ್ನಿಗೆ ದಿನಕ್ಕೆ ನಾಲ್ಕಾರು ಸಲ ಹೋಗಿಬರುವ ಪ್ರಯಾಣಿಕರ ಹಡಗು. ಜನ ತಮ್ಮ ಕಾರನ್ನು ಅದರ ಹೊಟ್ಟೆಯಲ್ಲಿ ನಿಲ್ಲಿಸಿ, ಮೇಲೆ ಹೋಗಿ ಐಸ್‌ಕ್ರೀಮ್ ತಿಂದು, ಮೂರು ಗಂಟೆ ಕಳೆದು ಆ ಕಡೆ ಇಳಿದು ಹೋಗುತ್ತಾರೆ. ಕ್ಲಿಫ್ ಒಂದು ಕಾರಿಗೆ, ಒಬ್ಬ ಮನುಷ್ಯನಿಗೆ ಟಿಕೆಟ್ ಕೊಂಡಿದ್ದಾನೆ. ಕಾರು ನಿಲ್ಲಿಸಿ, ಬೀಗ ಹಾಕಿ, ಹಡಗು ಹೊರಡುವ ಮುಂಚೆ ಅದೇ ದಾರಿಯಲ್ಲಿ ನಡೆದು ಹೊರಗೆ ಬಂದು, ಟ್ಯಾಕ್ಸಿ ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗಿದ್ದಾನೆ. ಕಾರು ತನ್ನಷ್ಟಕ್ಕೆ ತಾನೇ ಡೆನ್ಮಾರ್ಕಿಗೆ ಹೋಯಿತು, ಅಮೆರಿಕಕ್ಕೆ ಹೋಗುತ್ತಿದೆ ಅಂತ ಇವನು ನಂಬಿದ.

ಇದನ್ನು ರೋಂಡಾ ಮನೆಗೇ ಬಂದು ಹೇಳಿದಳು, ಕ್ಲಿಫ್ ಹಿಮ ತೆಗೆಯುತ್ತಾ ಹೊರಗಿದ್ದಾಗ. ಮೊದಲು ನನಗೆ ನಗು ಬಂತು ಆರ್ಡಿಸ್, ದೇವರಾಣೆ. ಗಟ್ಟಿಯಾಗಿ ನಕ್ಕೆ. ಎದುರಿಗೆ ರೋಂಡಾ ನಗದೆ ನನ್ನ ಮುಖವನ್ನೇ ನೋಡುತ್ತಿದ್ದಳು, ಆಗ ನನ್ನ ನಗು ನಿಂತಿತು.

ಅವಳು ಆ ಬಂದರಿನಲ್ಲಿ ವಿಚಾರಿಸಿ ತಂದ ನಂಬರಿಗೆ ಮಾರನೇ ದಿನ ಬೆಳಿಗ್ಗೆ ಫೋನ್ ಮಾಡಿದೆ. ಯೆಪ್ಪೆಸೆನ್ ಅಂತ ಡೆನ್ಮಾರ್ಕಿನ ಪೊಲೀಸಿನವರು. ನಾನು ಕ್ಲಿಫ್ ಎಂಗ್‌ಡಾಲ್ ಹೆಂಡತಿ, ನಿಮ್ಮ ಹತ್ತಿರ ಇರುವ ಕಾರಿನ ವಿಷಯ ಅಂದದ್ದೇ ತಡ, ಅವರು ಎದ್ದು ನಿಂತ ಹಾಗೆ ಕುರ್ಚಿ ಸರಿದ ಸದ್ದು ಕೇಳಿಸಿತು.

"ಕ್ಷಮಿಸಿ ಅಮ್ಮಾ, ಮೊದಲು ಒಂದು ಕೇಳ್ತೀನಿ. ನಿಮ್ಮ ಯಜಮಾನರು ಬದುಕಿದ್ದಾರಾ?"

ಯಾರಾದರೂ ನಿನ್ನನ್ನು ಹಾಗೆ ಕೇಳಿದ್ದಾರಾ? ಮೇಜಿನ ಆ ಕಡೆ ನೋಡಿದೆ. "ಬದುಕಿದ್ದಾನೆ. ನನ್ನ ಎದುರಿಗೇ ಕೂತು ಓಟ್ಸ್ ಗಂಜಿ ತಿಂತಿದ್ದಾನೆ," ಅಂದೆ. ಅವರು ತಿರುಗಿ ತಮ್ಮ ಭಾಷೆಯಲ್ಲಿ ಯಾರಿಗೋ ಏನೋ ಹೇಳಿದರು. ಅತ್ತ ಕಡೆ ಮೂರು ನಾಲ್ಕು ಜನ ಚಪ್ಪಾಳೆ ತಟ್ಟಿದರು ಕಣೇ.

ಆಮೇಲೆ ಹೇಳಿದರು. ಆ ದಿನ ಎಲ್ಲ ಕಾರುಗಳೂ ಇಳಿದು ಹೋದ ಮೇಲೆ ಒಂದು ಹೊಸ ಕಾರು ಮಾತ್ರ ಉಳಿದಿತ್ತಂತೆ, ಡ್ರೈವರ್ ಇಲ್ಲ. ನಡುಸಮುದ್ರದಲ್ಲಿ ಮನುಷ್ಯ ಹಾರಿಕೊಂಡಿದ್ದಾನೆ ಅಂದುಕೊಂಡರಂತೆ. ಎರಡು ದೋಣಿ, ಒಂದು ಹೆಲಿಕಾಪ್ಟರು, ಸಂಜೆಯವರೆಗೂ ನೀರಿನ ಮೇಲೆ ಹುಡುಕಿದರಂತೆ. ಟಿಕೆಟ್ಟಿನಲ್ಲಿ ಹೆಸರಿಲ್ಲ, ಕಾರಿನದು ಮೂರು ತಿಂಗಳ ತಾತ್ಕಾಲಿಕ ನಂಬರು, ಅದರಿಂದ ಮಾಲೀಕ ಯಾರು ಅಂತ ಪತ್ತೆಯಾಗಲಿಲ್ಲವಂತೆ. ಬೀಗ ಒಡೆಯದೆ, ಎಳೆದು ತಂದು ಪೊಲೀಸ್ ಅಂಗಳದಲ್ಲಿ ನಿಲ್ಲಿಸಿ, ದಡಕ್ಕೆ ಹೆಣ ಬಂದರೆ ತಿಳಿಸಿ ಅಂತ ಊರೂರಿಗೆ ಬರೆದು ಕಾಯುತ್ತಿದ್ದರಂತೆ. ಇತ್ತ ಕ್ಲಿಫ್ ನನ್ನ ಎದುರಿಗೆ ಕೂತು ಎಲ್ಕಿನ ಕಥೆ ಹೇಳುತ್ತಿದ್ದ.

ನಾನು ಫೋನ್ ಇಟ್ಟು ಕ್ಲಿಫ್‌ಗೆ ಎಲ್ಲ ಹೇಳಿದೆ. ಮೆಲ್ಲಗೆ ಹೇಳಬೇಕಿತ್ತು. ನನ್ನ ಬಾಯಿ ನಿನಗೆ ಗೊತ್ತೇ ಇದೆ, ಎಲ್ಲ ಒಂದೇ ಉಸಿರಿಗೆ ಸುರಿದುಬಿಟ್ಟೆ. ಅವನು ಚಮಚ ಕೆಳಗಿಟ್ಟ. "ನನಗಾಗಿ ಹೆಲಿಕಾಪ್ಟರ್ ಬಂದಿತ್ತಾ?" ಅಂದ. ಆಮೇಲೆ ಗ್ಯಾರೇಜಿಗೆ ಹೋದ. ಹೊಸ ಕಾರಿಗೆ ಜಾಗ ಮಾಡಿ, ನೆಲ ತೊಳೆದು, ಎಷ್ಟು ಮುಂದೆ ತಂದು ನಿಲ್ಲಿಸಬೇಕು ಅನ್ನುವುದಕ್ಕೆ ಮಾಡಿನಿಂದ ದಾರ ಇಳಿಬಿಟ್ಟು ಟೆನಿಸ್ ಚೆಂಡು ಕಟ್ಟಿದ್ದ. ಅದನ್ನು ಬೆರಳಿನಿಂದ ತಳ್ಳುತ್ತಾ ನಿಂತಿದ್ದ. ನಾನು ಬಾಗಿಲವರೆಗೆ ಹೋಗಿ ವಾಪಸು ಬಂದೆ.

ಸೇಂಟ್ ಕ್ಲೌಡಿನ ಡಾಕ್ಟರ ಹತ್ತಿರ ಹೋದೆವು. ಸಣ್ಣ ವಯಸ್ಸಿನ ಹೆಂಗಸು, ತುಂಬ ಒಳ್ಳೆಯವರು. ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಅಂದರು. ಕಾಗದ ಕೊಟ್ಟು ಗಡಿಯಾರ ಬರೆಯಿರಿ ಅಂದರು. ಇವನು ಗುಂಡಗೆ ಬರೆದ, ಒಳಗೆ ಇಪ್ಪತ್ತು, ನಲವತ್ತು, ಅರವತ್ತು, ಎಂಬತ್ತು ಅಂತ ಬರೆದ. ವೇಗದ ಮುಳ್ಳನ್ನು ಐವತ್ತೈದಕ್ಕೆ ಇಟ್ಟ. ಚೆನ್ನಾಗಿ ಬರೆದೆನಾ ಅನ್ನುವ ಹಾಗೆ ನನ್ನ ಮುಖ ನೋಡಿದ. ನಾನು ಏನು ಮಾಡಲಿ, ಹೂಂ ಅಂದೆ.

ಡಾಕ್ಟರು ನನ್ನ ಕಡೆ ತಿರುಗಿ ಕೇಳಿದರು, "ಈ ಮರೆವು ಯಾವಾಗಿನಿಂದ ಶುರುವಾಯ್ತು ಅನ್ಸುತ್ತೆ?"

"ಯಾವಾಗಿನಿಂದ ಅಂದ್ರೆ? ಈಗ, ಈ ಪ್ರವಾಸದಲ್ಲೇ," ಅಂದೆ.

"ಎರಡು ವರ್ಷ ಆಯ್ತು," ಅಂದ ಕ್ಲಿಫ್, ತನ್ನ ಟೋಪಿ ನೋಡಿಕೊಂಡು.

ಎರಡು ವರ್ಷ ಆರ್ಡಿಸ್! ನಾನು ಅದೇ ಮನೆಯಲ್ಲಿ, ಅದೇ ಹಾಸಿಗೆಯಲ್ಲಿ ಇದ್ದೆ. ವಾಪಸು ಬರುವಾಗ ಕಾರು ಓಡಿಸಿದ್ದು ನಾನು. ಅವನು ಪಕ್ಕದಲ್ಲಿ ಕೂತಾಗ ಯಾವತ್ತಿನ ಹಾಗೆ ಬಲಗಾಲಿನಿಂದ ಇಲ್ಲದ ಬ್ರೇಕನ್ನು ಒತ್ತುತ್ತಿದ್ದ. ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಹೇಳಿದ್ರೆ ನೀನು ಕೀ ಕಿತ್ಕೊಳ್ತಿದ್ದೆ," ಅಂದ.

ಸುಳ್ಳಲ್ಲ. ಕಿತ್ತುಕೊಳ್ಳುತ್ತಿದ್ದೆ, ಅದೇ ಗಳಿಗೆಯಲ್ಲಿ. ಹತ್ತು ಮೈಲಿ ಹೋದ ಮೇಲೆ ಅವನೇ ಮತ್ತೆ ಹೇಳಿದ, "ಒಂದು ಸಲ ಹೊಸ ಕಾರು ಓಡಿಸ್ಬೇಕು ಅಂತಿತ್ತು. ಇನ್ನೂ ಆಗೋ ಹಾಗಿದ್ದಾಗಲೇ. ನೀನು ಜೊತೆಗಿದ್ರೆ ಸರಿಹೋಗುತ್ತೆ ಅಂದ್ಕೊಂಡಿದ್ದೆ."

ಏಪ್ರಿಲಿನಿಂದ ಅವನು ಯಾಕೆ ಅಷ್ಟು ಗೋಗರೆದ ಅನ್ನುವುದು ನನಗೆ ಆ ರಸ್ತೆಯ ಮೇಲೆ ತಿಳಿಯಿತು. ಬಾಯಿ ಬಿಟ್ಟು ನನಗೆ ಭಯ ಆಗುತ್ತಿದೆ ಅನ್ನಲಾರದೆ ನಿನ್ನ ಹೆಸರಿಗೇ ಬರೆಸಿದ್ದೇನೆ ಅಂದ. ಹಿಂದಿನಿಂದ ನೂಕೋಕಾ ಅಂದೆನಲ್ಲ ನಾನು. ಬ್ರೆಡ್ಡು ಬೆಣ್ಣೆ ತಿಂದುಕೊಂಡು ರಾಣಿ ಹಾಗಿದ್ದೆ ಅಂತ ನಿನಗೇ ಬರೆದೆನಲ್ಲ. ಆ ಪತ್ರ ಹರಿದುಹಾಕು. ನನಗೆ ನನ್ನ ಮೇಲೇ ಅಸಹ್ಯವಾಗುತ್ತಿದೆ, ಇದನ್ನು ಇನ್ನು ಯಾರ ಹತ್ತಿರ ಹೇಳಲಿ?

ಅವನು ಇನ್ನು ಓಡಿಸುವ ಹಾಗಿಲ್ಲ. ಲೈಸೆನ್ಸನ್ನು ತಾನೇ ಪರ್ಸಿನಿಂದ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟ. "ಇದು ನನ್ನ ಹತ್ರ ಬೇಡ, ಓಡಿಸೋ ಹಾಗಿಲ್ಲ ಅನ್ನೋದನ್ನ ಮರೆತು ಓಡಿಸಿಬಿಟ್ಟೇನು," ಅಂದ. ಹೀಗೆ ಬುದ್ಧಿ ನೆಟ್ಟಗಿರುವ ದಿನಗಳೇ ಹೆಚ್ಚು, ಅದೇ ನನಗೆ ಇನ್ನೂ ಕಷ್ಟ. ಊರಿಗೆ ಹೇಗೋ ಗೊತ್ತಾಗಿದೆ. ವೆಂಡೆಲ್ ಮನೆಗೆ ಬಂದು, ಬಾಗಿಲಲ್ಲೇ ನಿಂತು, ಕಾರು ಈಜುವ ಮಾತು ಆಡಬಾರದಿತ್ತು ಅಂತ ಕಣ್ಣೊರೆಸಿಕೊಂಡ. ಕ್ಲಿಫ್ ಅವನನ್ನು ಒಳಗೆ ಕರೆದು ಎಲ್ಕಿನ ಕಥೆ ಹೇಳಿದ. ವೆಂಡೆಲ್ ಮೊದಲ ಸಲ ಕೇಳುವವನ ಹಾಗೆ ಕೇಳಿದ, ಅವನನ್ನು ದೇವರು ಚೆನ್ನಾಗಿಟ್ಟಿರಲಿ.

ಕಾರನ್ನು ಅಲ್ಲೇ ಮಾರಿಬಿಡೋಣವಾ ಅಂತ ರೋಂಡಾ ಕೇಳಿದಳು. ಬೇಡ, ತರಿಸು ಅಂದೆ. ಯೆಪ್ಪೆಸೆನ್ನರೇ ನಾವು ಕಳಿಸಿದ ಕೀ ಹಾಕಿ, ತಮ್ಮ ರಜೆಯ ದಿನ, ಅದೇ ಪ್ರಯಾಣಿಕರ ಹಡಗಿನಲ್ಲಿ ಗೊಥೆನ್‌ಬರ್ಗಿಗೆ ಒಯ್ದು ಸರಿಯಾದ ಕಚೇರಿಗೆ ಒಪ್ಪಿಸಿದರಂತೆ. ಜನವರಿ ಕೊನೆಗೆ ಬರುತ್ತೆ. ಓಡಿಸುವುದು ನಾನು. ಅವನು ಪಕ್ಕದಲ್ಲಿ ಕೂತು ನನ್ನ ತಪ್ಪು ತೋರಿಸಲಿ, ಎಷ್ಟು ಬೇಕಾದರೂ ಬೈಯಲಿ.

ಕ್ರಿಸ್‌ಮಸ್ಸಿಗೆ ನಿನ್ನ ಮನೆ ತುಂಬ ಮಕ್ಕಳಿರಲಿ. ಸೊಂಟ ಗಟ್ಟಿಯಾಗಲಿ. ಕ್ಲಿಫ್‌ಗೂ ನಿನ್ನ ಪ್ರಾರ್ಥನೆಯಲ್ಲಿ ಒಂದು ಜಾಗ ಕೊಡು, ಮಿಕ್ಕರೆ ನನಗೂ. ಮುಂದಿನ ಸಲ ಫೋನ್ ಮಾಡಿದರೆ ಎತ್ತುತ್ತೇನೆ.

ನಿನ್ನ ಮಾರ್ಲಿಸ್

ತಾ.ಕ.: ಲಕೋಟೆ ಅಂಟಿಸಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಹಡಗಿಗೆ ಕೊಡುವ ಕಾರಿನಲ್ಲಿ ಏನೂ ಇರಬಾರದು ಅನ್ನುವ ನಿಯಮವಂತೆ, ಅದಕ್ಕೇ ಯೆಪ್ಪೆಸೆನ್ನರು ಒಳಗಿದ್ದದ್ದನ್ನೆಲ್ಲ ತೆಗೆದು ಪಾರ್ಸೆಲ್ ಮಾಡಿದ್ದರು, ಇವತ್ತು ಬಂತು. ಕ್ಲಿಫ್ ಮಲಗಿದ್ದಾನೆ, ನಾನೇ ಬಿಚ್ಚಿದೆ. ಭೂಪಟ, ಕೆಮ್ಮಿನ ಗುಳಿಗೆ, ಕನ್ನಡಕ. ಜೊತೆಗೆ ಪಾಠಕ್ಕೆ ಅಂತ ಮೊದಲಿಂದಲೂ ಇಟ್ಟುಕೊಳ್ಳುತ್ತಿದ್ದನಲ್ಲ, ಆ ರಟ್ಟಿನ ಚೀಟಿಗಳು, ಅವನದೇ ದಪ್ಪ ಅಕ್ಷರ. ಒಂದರಲ್ಲಿ, "ಪಾಸ್‌ಪೋರ್ಟ್ ಎಡ ಜೇಬು." ಇನ್ನೊಂದರಲ್ಲಿ, "ಕಾರು ಹಡಗಿಗೆ. ನೀನು ವಿಮಾನಕ್ಕೆ." ಅದರಂತೆಯೇ ಮಾಡಿದ್ದಾನೆ ಪಾಪ. ಮೂರನೆಯದಕ್ಕೆ ಸ್ಟೀರಿಂಗಿನ ಎದುರಿಗೆ ಅಂಟಿಸಿದ್ದ ಟೇಪು ಇನ್ನೂ ಇದೆ. ಅದರಲ್ಲಿ, "ಮಾರ್ಲಿಸ್ ಜೊತೆಗೆ ಬಂದಿಲ್ಲ. ಮನೆಯಲ್ಲಿದ್ದಾಳೆ. ಹುಡುಕಬೇಡ." ಅದೇ ಮಾತು ಮತ್ತೆ ಮತ್ತೆ, ಬೇರೆ ಬೇರೆ ಊರಿನ ಹೋಟೆಲಿನ ಕಾಗದಗಳ ಮೇಲೂ ಇದೆ. ಎಣಿಸಿದೆ ಆರ್ಡಿಸ್, ಏಳು ಇವೆ.